ಬಾಣಂತಿಯ ಮನೋವ್ಯಾಧಿಯೂ ಚಿಕಿತ್ಸಾ ಪ್ರಯೋಗವೂ



ನಮ್ಮ ಹಳ್ಳಿಗಳಲ್ಲಿ ಒಂದು ಮನೆಯೊಳಗೆ ಕೂಸು ಹುಟ್ಟಿತೆಂದರೆ ನೆರೆಹೊರೆಯವರೆಲ್ಲರೂ ಬಂದು ಸಂತೋಷಪಡುತ್ತಾರೆ. ಬಾಣಂತಿಯ ತಲೆಗೆ ಬಟ್ಟೆ ಕಟ್ಟಿ, ಬಿಸಿನೀರು ಎರೆದು, ಮೆಣಸಿನ ಸಾರನ್ನೂ ಬೆಳ್ಳುಳ್ಳಿಯನ್ನೂ ಕೊಟ್ಟು, ಗಾಳಿ ಬಡಿಯದಂತೆ ಕೋಣೆಯಲ್ಲಿ ಮಲಗಿಸಿ, ಅವಳ ಶರೀರವನ್ನು ಬಹು ಜಾಗ್ರತೆಯಿಂದ ನೋಡಿಕೊಳ್ಳುತ್ತಾರೆ. ಇದು ಒಳ್ಳೇದೇ. ಆದರೆ ಅದೇ ಕೋಣೆಯ ಕತ್ತಲೆಯಲ್ಲಿ ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿ ಅಳುತ್ತಿರುವದನ್ನು ನಾವು ಎಷ್ಟೋ ಸಾರಿ ನೋಡಿಯೂ ನೋಡದವರಂತೆ ಇದ್ದೇವೆ. ಒಬ್ಬರು ದೃಷ್ಟಿ ತಗಲಿತೆನ್ನುವರು, ಮತ್ತೊಬ್ಬರು ಸೋಮಾರಿತನವೆನ್ನುವರು, ನಮ್ಮ ಸಭೆಗಳಲ್ಲಿಯೇ ಕೆಲವರು ಅವಳ ವಿಶ್ವಾಸ ಕಡಿಮೆಯಾಯಿತೆಂದು ಹೇಳುವದುಂಟು. ಈ ಮೂರು ಮಾತುಗಳಲ್ಲಿ ಒಂದೂ ನಿಜವಲ್ಲ. ಅವಳಿಗಿರುವದು ಒಂದು ರೋಗ. ಅದಕ್ಕೆ ಚಿಕಿತ್ಸೆಯೂ ಉಂಟು.

ಇಂಥ ತಾಯಿಯು ಆಸ್ಪತ್ರೆಗೆ ಹೋದಾಗ ಅಲ್ಲಿಯವರು, "ಅಮ್ಮಾ, ಈ ರೋಗಕ್ಕೆ ಯಾವ ಚಿಕಿತ್ಸೆ ಹೆಚ್ಚು ಒಳ್ಳೇದೆಂದು ತಿಳಿಯುವದಕ್ಕೋಸ್ಕರ ನಾವು ಒಂದು ಪ್ರಯೋಗವನ್ನು ನಡಿಸುತ್ತಾ ಇದ್ದೇವೆ, ನೀವು ಅದರಲ್ಲಿ ಸೇರುತ್ತೀರಾ?" ಎಂದು ಕೇಳಬಹುದು. ಇದಕ್ಕೆ ಕ್ಲಿನಿಕಲ್ ಟ್ರಯಲ್ ಎಂದು ಹೆಸರು. ನಾವು ಈ ಪಾಠದಲ್ಲಿ ಚಿಕಿತ್ಸಾ ಪ್ರಯೋಗವೆಂದು ಕರೆಯುವೆವು. ಇದನ್ನು ಕೇಳಿದ ಕೂಡಲೆ ಮನೆಯವರಲ್ಲಿ ಕೆಲವರು ಹೆದರಿ, ಬಡವರ ಮೈಮೇಲೆ ಹೊಸ ಔಷಧ ನೋಡುತ್ತಾರೆಂದು ಹೇಳಿ ಅವಳನ್ನು ಎಳೆದುಕೊಂಡು ಬರುವರು. ಬೇರೆ ಕೆಲವರು, ದೊಡ್ಡ ಡಾಕ್ಟರು ಹೇಳಿದ ಮೇಲೆ ಮಾತೇನು ಎಂದು ಅವಳನ್ನು ಕೇಳದೆ ಹೆಬ್ಬೆಟ್ಟು ಒತ್ತಿಸುವರು. ಮೊದಲನೆಯವರು ಭಯದಿಂದಲೂ ಎರಡನೆಯವರು ಮರ್ಯಾದೆಯಿಂದಲೂ ತಪ್ಪುತ್ತಾರೆ. ಇಬ್ಬರೂ ತಾಯಿಯನ್ನು ಮಾತ್ರ ಕೇಳುವದಿಲ್ಲ. ಒಪ್ಪಿಗೆ ಎಂಬದು ತಾಯಿಯ ಸ್ವಂತ ಸೊತ್ತು, ಮತ್ತು ತಿಳಿದುಕೊಟ್ಟದ್ದು ಮಾತ್ರ ಒಪ್ಪಿಗೆ ಎಂಬದನ್ನು ಈ ಪಾಠದಲ್ಲಿ ಕಲಿಯೋಣ.

1. ಈ ವ್ಯಾಧಿ ಯಾವದು?

ಹೆರಿಗೆಯಾದ ಮೂರನೆಯ ನಾಲ್ಕನೆಯ ದಿವಸದಲ್ಲಿ ಅನೇಕ ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುವದು, ಮನಸ್ಸು ಕ್ಷಣಕ್ಷಣಕ್ಕೆ ಬದಲಾಗುವದು. ಇದು ಹೆಚ್ಚಾಗಿ ಎರಡು ವಾರಗಳೊಳಗೆ ತಾನಾಗಿ ಇಳಿದು ಹೋಗುವದರಿಂದ ಇದನ್ನು ರೋಗವೆಂದು ಎಣಿಸತಕ್ಕದ್ದಲ್ಲ. ಆದರೆ ಎರಡು ವಾರ ದಾಟಿದರೂ ದುಃಖ ಬಿಡದೆ, ಊಟ ರುಚಿಸದೆ, ಕೂಸು ಮಲಗಿದಾಗಲೂ ತನಗೆ ನಿದ್ರೆ ಬಾರದೆ, ಕೂಸಿನ ಮೇಲೆ ಮನಸ್ಸು ಹೋಗದೆ, ತಾನು ಕೆಟ್ಟ ತಾಯಿಯೆಂದು ತನ್ನನ್ನೇ ದೂಷಿಸಿಕೊಳ್ಳುತ್ತಾ ಇದ್ದರೆ ಅದು ಪ್ರಸವಾನಂತರದ ಖಿನ್ನತೆಯೆಂಬ ರೋಗ. ಅನೇಕರಲ್ಲಿ ಇದು ಗರ್ಭಿಣಿಯಾಗಿದ್ದಾಗಲೇ ಆರಂಭವಾಗಿರುವದು.

ಮೂರನೆಯದೊಂದುಂಟು. ನಮ್ಮ ಜನರು ಅದನ್ನು ಬಾಣಂತಿ ಸನ್ನಿ ಎನ್ನುತ್ತಾರೆ. ಇಲ್ಲದ ಶಬ್ದಗಳು ಕೇಳಿಸುವದು, ಅಸಂಬದ್ಧವಾಗಿ ಮಾತಾಡುವದು, ಯಾರೋ ಕೂಸನ್ನು ಕೊಲ್ಲಲು ಬರುತ್ತಾರೆಂದು ಕೂಗುವದು ಇದರ ಲಕ್ಷಣಗಳು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಇದು ಕಾಣುವದು. ಕಂಡರೆ ಒಂದು ರಾತ್ರಿಯನ್ನಾದರೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇಟ್ಟು ಚಿಕಿತ್ಸೆ ಮಾಡುವ ವಿಭಾಗವು 2009ರಲ್ಲಿ ಆರಂಭವಾಯಿತು.

ಖಿನ್ನತೆಯು ಅಪರೂಪವಾದದ್ದಲ್ಲ. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಕೂಡಿಸಿ ನೋಡಿದ ಒಂದು ವರದಿಯು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಈ ವ್ಯಾಧಿ ಇತ್ತು. ಗೋವೆಯಲ್ಲಿ ವಿಕ್ರಮ್ ಪಟೇಲ್ ಮೊದಲಾದವರು ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ 23 ತಾಯಂದಿರು ಇದರಿಂದ ಬಳಲುತ್ತಿದ್ದರು. ಬಡತನ, ಗಂಡನ ಹೊಡೆತ, ದಂಪತಿಗಳಲ್ಲಿ ಒಡಕು, ಗಂಡುಮಗುವಿನ ಆಸೆಯಿದ್ದ ಮನೆಯಲ್ಲಿ ಹೆಣ್ಣು ಹುಟ್ಟುವದು, ಇವುಗಳಿದ್ದಲ್ಲಿ ವ್ಯಾಧಿ ಹೆಚ್ಚೆಂದು ಅವರು ಕಂಡರು. ಹೆಣ್ಣುಕೂಸು ಹುಟ್ಟಿದ ದಿವಸ ಮುಖ ಗಂಟುಹಾಕಿಕೊಳ್ಳುವ ಹಿರಿಯರು ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಲಿ.

ವ್ಯಾಧಿಯನ್ನು ಗುರುತಿಸುವದಕ್ಕೆ ಜಾನ್ ಕಾಕ್ಸ್, ಜೆನಿ ಹೋಲ್ಡನ್, ರೂತ್ ಸಗೋವ್‌ಸ್ಕಿ ಎಂಬವರು ಸ್ಕಾಟ್ಲೆಂಡ್ ದೇಶದಲ್ಲಿ 10 ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಮಾಡಿ 1987ರಲ್ಲಿ ಪ್ರಕಟಿಸಿದರು. ಕಳೆದ ಏಳು ದಿವಸಗಳಲ್ಲಿ ನಗಲು ಆಯಿತೇ, ಭಯವಾಯಿತೇ, ಅಳು ಬಂತೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂತೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಎಡಿನ್‌ಬರೋ ಪಟ್ಟಿಯೆಂದು ಹೆಸರಾದ ಇದು ಕನ್ನಡದಲ್ಲಿಯೂ ಉಪಯೋಗದಲ್ಲಿದೆ. ಆದಕಾರಣ ಆಸ್ಪತ್ರೆಯಲ್ಲಿ ಇಂಥ ಪ್ರಶ್ನೆಗಳನ್ನು ಕೇಳಿದರೆ, ನನ್ನನ್ನು ಹುಚ್ಚಿಯೆಂದು ತಿಳಿದರೋ ಎಂದು ತಾಯಿಯು ನಾಚಿಕೊಳ್ಳಬೇಕಾಗಿಲ್ಲ.

2. ಪ್ರಯೋಗವು ಯಾತಕ್ಕೆ ಬೇಕು?

ಒಂದು ಔಷಧವನ್ನು ಕೊಟ್ಟ ಮೇಲೆ ರೋಗಿಗೆ ಗುಣವಾಯಿತೆಂದರೆ, ಗುಣಮಾಡಿದ್ದು ಆ ಔಷಧವೇ ಎಂದು ಹೇಳಬಹುದೋ? ಸ್ವಲ್ಪ ಯೋಚಿಸಿರಿ. ಈ ವ್ಯಾಧಿಯು ಕೆಲವರಲ್ಲಿ ಚಿಕಿತ್ಸೆಯಿಲ್ಲದೆಯೂ ತಿಂಗಳುಗಳು ಕಳೆದಂತೆ ಇಳಿಯುವದು. ಮತ್ತು ಯಾರಾದರೂ ಬಂದು ಹತ್ತಿರ ಕೂತು, ಹೇಗಿದ್ದೀಯಮ್ಮಾ ಎಂದು ಕೇಳಿದ ಮಾತ್ರಕ್ಕೆ ಮನಸ್ಸು ಹಗುರವಾಗುವದುಂಟು. ಆದಕಾರಣ ಚಿಕಿತ್ಸೆ ಹೊಂದಿದವರನ್ನು, ಅದನ್ನು ಹೊಂದದ ಅವರಂಥವರ ಪಕ್ಕದಲ್ಲಿಟ್ಟು ನೋಡದ ಹೊರತು ಸತ್ಯವು ತಿಳಿಯದು.

ದಾನಿಯೇಲನೂ ಅವನ ಮೂವರು ಸ್ನೇಹಿತರೂ ಅರಸನ ಭೋಜನವನ್ನು ಬಿಟ್ಟು ಹತ್ತು ದಿವಸ ಕಾಯಿಪಲ್ಯವನ್ನೂ ನೀರನ್ನೂ ಮಾತ್ರ ತೆಗೆದುಕೊಂಡು, ಅನಂತರ ತಮ್ಮ ಮುಖಗಳನ್ನು ಇತರ ಯೌವನಸ್ಥರ ಮುಖಗಳೊಂದಿಗೆ ಹೋಲಿಸಿ ನೋಡೆಂದು ಮೇಲ್ವಿಚಾರಕನನ್ನು ಕೇಳಿಕೊಂಡ ಕಥೆಯನ್ನು ನಾವೆಲ್ಲರೂ ಬಲ್ಲೆವು. ಚಿಕಿತ್ಸಾ ಪ್ರಯೋಗದ ಚರಿತ್ರೆಯನ್ನು ಬರೆಯುವವರು ಈ ಕಥೆಯನ್ನು ಅನೇಕ ಸಾರಿ ಜ್ಞಾಪಿಸುತ್ತಾರೆ. ಯಾಕಂದರೆ ಅದರಲ್ಲಿ ಹೋಲಿಸುವದೂ ಉಂಟು, ದಿವಸಗಳ ಮಿತಿಯೂ ಉಂಟು. ಯಾರ ಬಲವಂತವೂ ಇಲ್ಲದೆ ಅವರೇ ಮುಂದೆ ಬಂದರೆಂಬದೂ ಅದರಲ್ಲಿ ಗಮನಿಸತಕ್ಕದ್ದು. ಆದರೆ ಈಗಿನ ವೈದ್ಯರು ಇನ್ನೊಂದು ಎಚ್ಚರಿಕೆಯನ್ನು ಕೂಡಿಸಿದ್ದಾರೆ. ಬಲವುಳ್ಳವರೇ ಒಂದು ಗುಂಪಿಗೂ ಬಲಹೀನರೇ ಮತ್ತೊಂದು ಗುಂಪಿಗೂ ಸೇರಿಬಿಟ್ಟರೆ ಹೋಲಿಕೆಯು ಸುಳ್ಳಾಗುವದು. ಅದಕ್ಕೋಸ್ಕರ ಯಾರು ಯಾವ ಗುಂಪಿಗೆ ಎಂಬದನ್ನು ಚೀಟಿಯೆತ್ತಿದಂತೆ ನಿರ್ಣಯಿಸುತ್ತಾರೆ. ಇದು ಜೂಜಲ್ಲ, ಶಕುನ ನೋಡುವದೂ ಅಲ್ಲ. ವೈದ್ಯನ ಇಷ್ಟವೂ ರೋಗಿಯ ಶಿಫಾರಸೂ ನಡುವೆ ಬಾರದಂತೆ ಮಾಡುವ ಉಪಾಯವಷ್ಟೇ.

ಗುಳಿಗೆಗಳ ಪ್ರಯೋಗವಾದರೆ ಒಂದು ಗುಂಪಿಗೆ ನಿಜವಾದ ಗುಳಿಗೆಯನ್ನೂ ಮತ್ತೊಂದಕ್ಕೆ ಅದೇ ಬಣ್ಣದ, ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಡುವದುಂಟು. ಯಾರಿಗೆ ಯಾವದು ಸಿಕ್ಕಿತೆಂಬದು ಕೊನೆಯ ತನಕ ತಾಯಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಇದು ಮೋಸವಲ್ಲವೇ ಎಂದು ಕೇಳುವಿರಿ. ಸೇರುವದಕ್ಕೆ ಮುಂಚೆ ಈ ಸಂಗತಿಯನ್ನು ತಾಯಿಗೆ ಸ್ಪಷ್ಟವಾಗಿ ಹೇಳಿದರೆ ಮೋಸವಲ್ಲ; ಹೇಳದೆ ಮಾಡಿದರೆ ಖಂಡಿತವಾಗಿ ಮೋಸವೇ.

ಇದರ ಅಗತ್ಯಕ್ಕೆ ಒಂದು ದೃಷ್ಟಾಂತ. ಅಮೆರಿಕದಲ್ಲಿ ಜುರಾನೊಲೋನ್ ಎಂಬ ಹೊಸ ಔಷಧವನ್ನು 196 ತಾಯಂದಿರಲ್ಲಿ ಹುಸಿಗುಳಿಗೆಯೊಂದಿಗೆ ಹೋಲಿಸಿ ನೋಡಿದರು. ಹದಿನಾಲ್ಕು ದಿವಸ ಔಷಧ ಕೊಟ್ಟು ಹದಿನೈದನೆಯ ದಿವಸ ವ್ಯಾಧಿಯ ಅಳತೆ ಮಾಡಿದಾಗ, ಔಷಧ ತಿಂದವರ ಅಂಕವು ಸರಾಸರಿ 15.6ರಷ್ಟು ಇಳಿದಿತ್ತು. ಇಷ್ಟನ್ನೇ ನೋಡಿದವರು ಎಲ್ಲವೂ ಔಷಧದ ಮಹಿಮೆಯೆನ್ನುತ್ತಿದ್ದರು. ಆದರೆ ಹುಸಿಗುಳಿಗೆ ತಿಂದವರ ಅಂಕವೂ 11.6ರಷ್ಟು ಇಳಿದಿತ್ತು. ಹಾಗಾದರೆ ಔಷಧದ ನಿಜವಾದ ಪಾಲು ಈ ಎರಡರ ನಡುವಿನ 4 ಅಂಕಗಳು ಮಾತ್ರ. ಅದೂ ಸಣ್ಣದಲ್ಲ; 2023ರ ಆಗಸ್ಟ್ ತಿಂಗಳಲ್ಲಿ ಆ ದೇಶದ ಸರಕಾರವು ಆ ಔಷಧಕ್ಕೆ ಅನುಮತಿ ಕೊಟ್ಟಿತು. ಆದರೂ ಆ ಪ್ರಯೋಗದಲ್ಲಿದ್ದ ತಾಯಂದಿರು ಔಷಧದ ದಿವಸಗಳಲ್ಲಿಯೂ ಮುಂದಿನ ಏಳು ದಿವಸಗಳಲ್ಲಿಯೂ ಕೂಸಿಗೆ ಮೊಲೆಹಾಲು ಕೊಡಕೂಡದಾಗಿತ್ತು. ಔಷಧವು ಮಂಪರನ್ನೂ ತರುವದು. ಡಬ್ಬಿಯ ಹಾಲಿಗೆ ಹಣವಿಲ್ಲದ ಮನೆಯ ತಾಯಿಗೆ ಇದು ಎಷ್ಟು ದೊಡ್ಡ ಸಂಗತಿಯೆಂದು ನಾವು ಹೇಳಬೇಕಾಗಿಲ್ಲ. ಆದಕಾರಣ ಸೇರುವದಕ್ಕೆ ಮುಂಚೆ ಕೇಳಿ ತಿಳಿಯಬೇಕೆನ್ನುತ್ತೇವೆ.

3. ತಾಯಂದಿರು ಸೇರಿದ್ದರಿಂದ ತಿಳಿದು ಬಂದದ್ದೇನು?

ಪ್ರಯೋಗವೆಂದರೆ ಯಾವಾಗಲೂ ಗುಳಿಗೆಯೆಂದು ತಿಳಿಯಬಾರದು. ಮಾತೂ ಒಂದು ಔಷಧವೇ; ಅದನ್ನೂ ತೂಗಿ ನೋಡಿದ್ದಾರೆ.

ಮೊದಲನೆಯದು ಸ್ಕಾಟ್ಲೆಂಡಿನದು. ಮೇಲೆ ಹೇಳಿದ ಹೋಲ್ಡನ್ ಎಂಬಾಕೆಯೂ ಅವಳ ಜೊತೆಗಾರರೂ 1989ರಲ್ಲಿ ಇದನ್ನು ಪ್ರಕಟಿಸಿದರು. ಮನೆಮನೆಗೆ ಹೋಗುವ ದಾದಿಯರಿಗೆ ಸ್ವಲ್ಪ ಶಿಕ್ಷಣ ಕೊಟ್ಟು, ವಾರಕ್ಕೊಂದಾವರ್ತಿ ಎಂಟು ವಾರ ತಾಯಿಯ ಮನೆಗೆ ಹೋಗಿ, ಬುದ್ಧಿ ಹೇಳದೆ ಅವಳ ಮಾತನ್ನು ಕಿವಿಗೊಟ್ಟು ಕೇಳುವಂತೆ ನೇಮಿಸಿದರು. ಹೀಗೆ ಕೇಳಲ್ಪಟ್ಟ 26 ಮಂದಿಯಲ್ಲಿ 18 ಮಂದಿ ಗುಣಹೊಂದಿದರು. ಎಂದಿನ ಆರೈಕೆ ಮಾತ್ರ ಹೊಂದಿದ 24 ಮಂದಿಯಲ್ಲಿ 9 ಮಂದಿ ಗುಣಹೊಂದಿದರು. ಐವತ್ತು ತಾಯಂದಿರು ಕೂಡಿ ಕೇಳುವ ಕಿವಿಯ ಬೆಲೆಯನ್ನು ಲೋಕಕ್ಕೆ ತೋರಿಸಿದರು.

ಎರಡನೆಯದು ನಮ್ಮ ಹಳ್ಳಿಗಳಂಥ ಹಳ್ಳಿಗಳದು. ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯಲ್ಲಿ ಅತಿಫ್ ರೆಹಮಾನ್ ಎಂಬ ವೈದ್ಯರೂ ಅವರ ಸಂಗಡಿಗರೂ ಇದನ್ನು ನಡಿಸಿ 2008ರಲ್ಲಿ ಪ್ರಕಟಿಸಿದರು. ಅಲ್ಲಿ ಮನೋವೈದ್ಯರು ಬಹು ಕಡಿಮೆ. ಆದರೆ ಊರೂರಿಗೆ ಸರಕಾರದ ಆರೋಗ್ಯ ಕಾರ್ಯಕರ್ತೆಯರು ಇದ್ದಾರೆ, ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಇದ್ದ ಹಾಗೆ. ಗ್ರಾಮಗಳನ್ನು 40 ವಿಭಾಗಗಳಾಗಿ ಎಣಿಸಿ, ಒಬ್ಬೊಬ್ಬ ತಾಯಿಗೆ ಚೀಟಿಯೆತ್ತದೆ ವಿಭಾಗಗಳಿಗೇ ಚೀಟಿಯೆತ್ತಿದರು. ಅರ್ಧದಲ್ಲಿ ಕಾರ್ಯಕರ್ತೆಯರಿಗೆ ವಿಶೇಷ ಶಿಕ್ಷಣ ಕೊಟ್ಟರು. ಉಳಿದ ಅರ್ಧದಲ್ಲಿ ಕಾರ್ಯಕರ್ತೆಯರು ಅಷ್ಟೇ ಸಾರಿ ಮನೆಗೆ ಹೋದರು, ಆದರೆ ಈ ಶಿಕ್ಷಣವಿಲ್ಲದೆ. ಖಿನ್ನತೆಯುಳ್ಳ ಗರ್ಭಿಣಿಯರು ಒಟ್ಟು 903 ಮಂದಿ ಸೇರಿದರು. ಹೆರಿಗೆಗೆ ಮುಂಚಿನ ತಿಂಗಳಲ್ಲಿ ನಾಲ್ಕು, ಹೆರಿಗೆಯ ಮೊದಲನೆಯ ತಿಂಗಳಲ್ಲಿ ಮೂರು, ಅನಂತರ ತಿಂಗಳಿಗೊಂದರಂತೆ ಒಂಬತ್ತು, ಹೀಗೆ ಹದಿನಾರು ಸಾರಿ ಕಾರ್ಯಕರ್ತೆಯು ಹೋಗಿ ಕೂತು ಮಾತಾಡಿದಳು. ನಾನು ನತದೃಷ್ಟೆ, ನನ್ನ ಕೂಸು ಹೇಗೂ ಬಡವಾಗುವದು ಎಂಬ ಯೋಚನೆ ಬಂದಾಗ, ಅದು ನಿಜವೋ ಎಂದು ವಿಚಾರಿಸಿ, ಅದರ ಸ್ಥಳದಲ್ಲಿ ಒಳ್ಳೇ ಯೋಚನೆಯನ್ನಿಟ್ಟು, ಆ ವಾರದಲ್ಲಿ ಮಾಡತಕ್ಕ ಒಂದು ಸಣ್ಣ ಕೆಲಸವನ್ನು ಗೊತ್ತುಮಾಡುವದೇ ಆ ಶಿಕ್ಷಣದ ಸಾರ. ಕೂಸಿನ ಕ್ಷೇಮಕ್ಕಾಗಿ ಬಂದಿದ್ದೇವೆಂದು ಹೇಳಿ ಅತ್ತೆಯರನ್ನೂ ಮಾತಿಗೆ ಸೇರಿಸಿಕೊಂಡರು.

ಫಲವೇನಾಯಿತು? ಕೂಸುಗಳಿಗೆ ಆರು ತಿಂಗಳಾದಾಗ ಶಿಕ್ಷಣವಿದ್ದ ವಿಭಾಗಗಳಲ್ಲಿ ನೂರಕ್ಕೆ 23 ತಾಯಂದಿರಲ್ಲಿ ಮಾತ್ರ ವ್ಯಾಧಿ ಉಳಿದಿತ್ತು. ಮಿಕ್ಕ ವಿಭಾಗಗಳಲ್ಲಿ 53. ಒಂದು ವರುಷವಾದಾಗ 27, ಮತ್ತು 59. ಕೂಸುಗಳಿಗೆ ಭೇದಿ ಕಡಿಮೆಯಾಯಿತು, ಲಸಿಕೆಗಳು ಹೆಚ್ಚಾಗಿ ಪೂರ್ಣವಾದವು, ತಂದೆತಾಯಿಗಳು ಕೂಸಿನೊಂದಿಗೆ ಹೆಚ್ಚು ಆಡಿದರು. ಆದರೆ ಕೂಸುಗಳ ತೂಕದಲ್ಲಿಯೂ ಉದ್ದದಲ್ಲಿಯೂ ಅವರು ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಮರೆಮಾಡದೆ ಬರೆದರು. ಸತ್ಯವಾದ ಪ್ರಯೋಗದ ಗುರುತು ಇದೇ. ಲೋಕ ಆರೋಗ್ಯ ಸಂಸ್ಥೆಯು 2015ರಲ್ಲಿ ಈ ಶಿಕ್ಷಣವನ್ನು ಕೈಪುಸ್ತಕವಾಗಿ ಎಲ್ಲಾ ದೇಶಗಳ ಉಪಯೋಗಕ್ಕೆ ಹೊರಡಿಸಿತು.

ಮೂರನೆಯದು ನಮ್ಮ ನೆರೆಯ ಗೋವೆಯದು, ಪ್ರಕಟವಾದದ್ದು 2019ರಲ್ಲಿ. ಇಲ್ಲಿ ಆರೋಗ್ಯ ಕಾರ್ಯಕರ್ತೆಯ ಬದಲಾಗಿ ಅದೇ ಊರಕೇರಿಗಳ ಸಾಮಾನ್ಯ ತಾಯಂದಿರಿಗೇ ಶಿಕ್ಷಣ ಕೊಟ್ಟು ಕಳುಹಿಸಿದರು. ಸೇರಿದ ಗರ್ಭಿಣಿಯರು 280. ಹೆರಿಗೆಯಾದ ಆರು ತಿಂಗಳಿಗೆ ವಿಚಾರಿಸಲು ಸಿಕ್ಕಿದವರಲ್ಲಿ, ಇಂಥ ಗೆಳತಿಯ ಸಹಾಯ ಹೊಂದಿದ 122 ಮಂದಿಯಲ್ಲಿ 89 ಮಂದಿ ವ್ಯಾಧಿಯಿಂದ ಬಿಡುಗಡೆ ಹೊಂದಿದ್ದರು. ಇತರ 129 ಮಂದಿಯಲ್ಲಿ 77. ವ್ಯತ್ಯಾಸವು ರಾವಲ್ಪಿಂಡಿಯಷ್ಟು ದೊಡ್ಡದಲ್ಲ. ಅದೇ ವರುಷ ಪ್ರಕಟವಾದ, ಪಾಕಿಸ್ತಾನದಲ್ಲಿ 570 ಮಂದಿಯನ್ನು ಸೇರಿಸಿಕೊಂಡು ನಡಿಸಿದ ಇಂಥದೇ ಪ್ರಯೋಗದಲ್ಲಿ ಆರು ತಿಂಗಳಿಗೆ ನಿಶ್ಚಯವಾದ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ಆ ತಾಯಂದಿರು ಪಟ್ಟ ಶ್ರಮ ವ್ಯರ್ಥವೋ? ಅಲ್ಲ. ಎಲ್ಲಿ ಯಾವ ಸಹಾಯ ಸಾಲದೆಂಬದನ್ನು ತಿಳಿಯುವದೂ ಜ್ಞಾನವೇ.

4. ಚೀಟಿಯಲ್ಲಿ ಬಾರದವಳ ಗತಿಯೇನು?

ಈ ಪ್ರಶ್ನೆಯನ್ನು ದಾಟಿ ಹೋಗಬಾರದು. ರಾವಲ್ಪಿಂಡಿಯಲ್ಲಿ ನೂರಕ್ಕೆ 53 ಮಂದಿ ತಾಯಂದಿರು ಆರು ತಿಂಗಳಾದ ಮೇಲೂ ಬಳಲುತ್ತಿದ್ದರಲ್ಲಾ. ಒಳ್ಳೇ ಚಿಕಿತ್ಸೆಯನ್ನು ಅವರಿಂದ ತಡೆದು ಹಿಡಿದದ್ದು ನ್ಯಾಯವೋ?

ಇದಕ್ಕೆ ಉತ್ತರವು ಎರಡು ಪಾಲಾಗಿದೆ. ಮೊದಲನೆಯದಾಗಿ, ಪ್ರಯೋಗ ಆರಂಭವಾದಾಗ ಆ ಶಿಕ್ಷಣವು ಒಳ್ಳೇದೆಂದು ಯಾರಿಗೂ ನಿಶ್ಚಯವಿರಲಿಲ್ಲ. ಒಳ್ಳೇದೆಂದು ಮೊದಲೇ ನಿಶ್ಚಯವಾಗಿ ತಿಳಿದಿದ್ದರೆ ಚೀಟಿಯೆತ್ತುವದು ಅನ್ಯಾಯವೇ. ತಿಳಿಯದಿದ್ದಾಗ ಮಾತ್ರ ಅದು ನ್ಯಾಯ. ಎರಡನೆಯದಾಗಿ, ಚೀಟಿಯಲ್ಲಿ ಬಾರದವರನ್ನು ಬರಿಗೈಯಲ್ಲಿ ಬಿಡಕೂಡದು. ವಾಡಿಕೆಯ ಆರೈಕೆಯು ಅವರಿಗೆ ದೊರೆಯಲೇಬೇಕು, ವ್ಯಾಧಿ ವಿಷಮಿಸಿದರೆ ಪ್ರಯೋಗವನ್ನು ಬದಿಗಿಟ್ಟು ಚಿಕಿತ್ಸೆ ಮಾಡಲೇಬೇಕು. ಪ್ರಾಣದ ಮೇಲೆ ಆಸೆ ಬಿಟ್ಟ ತಾಯಿಯನ್ನು ಲೆಕ್ಕಕ್ಕಾಗಿ ಕಾಯಿಸುವ ಪ್ರಯೋಗವು ಎಷ್ಟು ದೊಡ್ಡ ಹೆಸರಿನದಾದರೂ ಪ್ರಯೋಗವಲ್ಲ.

ಆದರೂ ಸೇರುವ ತಾಯಿಯು ತಿಳಿದಿರತಕ್ಕ ಸಂಗತಿಯೊಂದು: ಪ್ರಯೋಗದ ಮುಖ್ಯ ಉದ್ದೇಶವು ಅವಳೊಬ್ಬಳ ಗುಣವಲ್ಲ, ಮುಂದೆ ಬರುವ ತಾಯಂದಿರ ಪ್ರಯೋಜನ. ಅವಳಿಗೆ ಲಾಭವಾಗಬಹುದು, ಆಗದೆಯೂ ಇರಬಹುದು. ಇದನ್ನು ಬಲ್ಲವಳಾಗಿ ಅವಳು ಸೇರಿದರೆ ಅದು ಒಂದು ದಾನ. ಬಲ್ಲದೆ ಸೇರಿದರೆ ಅವಳಿಂದ ಕಸಕೊಂಡದ್ದು.

5. ತಾಯಿಯು ಕೇಳತಕ್ಕ ಪ್ರಶ್ನೆಗಳು

ಆಸ್ಪತ್ರೆಯಲ್ಲಿ ನಡೆಯಬಹುದಾದ ಒಂದು ಸಂಭಾಷಣೆಯನ್ನು ಪಾಠಕ್ಕಾಗಿ ಇಲ್ಲಿ ಬರೆದಿದ್ದೇವೆ. ಓದು ಬಲ್ಲ ಹೆಣ್ಣುಮಕ್ಕಳು ಇದನ್ನು ಓದಲಾರದವರಿಗೆ ಓದಿ ಹೇಳಲಿ.

ತಾಯಿ: ಅಕ್ಕಾ, ಸೇರುವದಿಲ್ಲವೆಂದರೆ ನನಗೆ ಔಷಧ ಕೊಡುವದನ್ನು ನಿಲ್ಲಿಸುತ್ತೀರೋ?

ದಾದಿ: ಇಲ್ಲಮ್ಮಾ. ನೀವು ಸೇರಿದರೂ ಸೇರದಿದ್ದರೂ ಎಲ್ಲರಿಗೂ ಸಿಕ್ಕುವ ಚಿಕಿತ್ಸೆ ನಿಮಗೂ ಸಿಕ್ಕುವದು. ಸೇರಲೊಲ್ಲೆನೆಂದು ಹೇಳಿದ್ದಕ್ಕೆ ಯಾರೂ ಮುಖ ಕೆಡಿಸಿಕೊಳ್ಳಕೂಡದು.

ತಾಯಿ: ಸೇರಿದ ಮೇಲೆ ನಡುವೆ ಬಿಡಬೇಕೆಂದರೆ?

ದಾದಿ: ಯಾವಾಗ ಬೇಕಾದರೂ ಬಿಡಬಹುದು. ಕಾರಣ ಹೇಳಬೇಕಾಗಿಲ್ಲ. ಆದರೆ ಗುಳಿಗೆ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸದೆ ನಮಗೆ ತಿಳಿಸಿರಿ. ಹೇಗೆ ನಿಲ್ಲಿಸಬೇಕೆಂದು ಡಾಕ್ಟರು ಹೇಳುವರು.

ತಾಯಿ: ಕೂಸಿಗೆ ಹಾಲು ಕೊಡಬಹುದೋ? ಔಷಧವು ಹಾಲಿನಲ್ಲಿ ಇಳಿಯುವದೋ?

ದಾದಿ: ಒಂದೊಂದು ಔಷಧದ ಸಂಗತಿ ಒಂದೊಂದು ಥರ. ನಿಮ್ಮ ಕೈಗೆ ಕೊಟ್ಟ ಕಾಗದದಲ್ಲಿ ಅದು ಬರೆದಿರಬೇಕು. ಓದಿ ಹೇಳುತ್ತೇನೆ, ಕೇಳಿರಿ.

ತಾಯಿ: ಅದರಿಂದ ನನಗೆ ಕೇಡಾದರೆ ಯಾರು ನೋಡುವರು?

ದಾದಿ: ಔಷಧದ ಪ್ರಯೋಗದಲ್ಲಿ ಕೇಡಾದರೆ ಧರ್ಮಾರ್ಥವಾಗಿ ಚಿಕಿತ್ಸೆ ಮಾಡಬೇಕೆಂದೂ, ಕೇಡು ಆ ಪ್ರಯೋಗದಿಂದಲೇ ಆಯಿತೆಂದು ಗೊತ್ತಾದರೆ ಪರಿಹಾರಧನ ಕೊಡಬೇಕೆಂದೂ ಸರಕಾರದ 2019ರ ನಿಯಮದಲ್ಲಿದೆ.

ತಾಯಿ: ನನ್ನ ಮನಸ್ಸಿನ ಮಾತು ಊರಿಗೆಲ್ಲಾ ತಿಳಿಯುವದೋ?

ದಾದಿ: ಕೂಡದು. ನಿಮ್ಮ ಹೆಸರಿನ ಬದಲಿಗೆ ಒಂದು ಅಂಕೆ ಇಡುತ್ತಾರೆ. ಆದರೆ ಪ್ರಾಣಕ್ಕೆ ಅಪಾಯವೆಂದು ಕಂಡರೆ ನಿಮ್ಮನ್ನು ಕಾಪಾಡುವದಕ್ಕೋಸ್ಕರ ಬೇರೆಯವರಿಗೆ ಹೇಳಬೇಕಾದೀತು. ಅದನ್ನೂ ಈಗಲೇ ಹೇಳುತ್ತೇನೆ.

ತಾಯಿ: ನನಗೆ ಓದು ಬಾರದು.

ದಾದಿ: ಆಗಲಮ್ಮಾ. ಆಸ್ಪತ್ರೆಗೆ ಸಂಬಂಧಪಡದ ಒಬ್ಬರು ಸಾಕ್ಷಿಯಾಗಿ ಕೂತಿರಲು, ಎಲ್ಲವನ್ನೂ ನಿಮ್ಮ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಇವತ್ತೇ ಹೇಳಬೇಕೆಂದಿಲ್ಲ, ಮನೆಗೆ ಹೋಗಿ ಯೋಚಿಸಿ ಬನ್ನಿರಿ.

ಇಂಥ ಉತ್ತರಗಳು ಸಿಕ್ಕದ ಸ್ಥಳದಲ್ಲಿ ಹೆಬ್ಬೆಟ್ಟು ಒತ್ತಬಾರದು. ಪ್ರತಿಯೊಂದು ಪ್ರಯೋಗವನ್ನೂ ಆರಂಭಕ್ಕೆ ಮುಂಚೆ ಎಥಿಕ್ಸ್ ಕಮಿಟಿ ಎಂಬ ನೀತಿಪರಿಶೀಲನಾ ಸಮಿತಿಯು ನೋಡಿ ಒಪ್ಪಬೇಕು. ಅದರಲ್ಲಿ ಏಳು ಮಂದಿಗೆ ಕಡಿಮೆಯಿಲ್ಲದೆ ಸದಸ್ಯರಿರಬೇಕು. ವೈದ್ಯರಲ್ಲದೆ ಕಾನೂನು ಬಲ್ಲವರೂ ಸಾಮಾನ್ಯ ಜನರಲ್ಲಿ ಒಬ್ಬರೂ ಸ್ತ್ರೀಯರೂ ಇರಬೇಕು. ಔಷಧಗಳ ಪ್ರಯೋಗಗಳನ್ನು ಸಿ.ಟಿ.ಆರ್.ಐ. ಎಂಬ ದೇಶದ ಬಹಿರಂಗ ದಾಖಲೆಯಲ್ಲಿ ಬರೆಯಿಸಬೇಕೆಂಬ ಕಟ್ಟಳೆಯು 2009ರಿಂದ ಇದೆ. ಈ ದಾಖಲೆಯ ಅಂಕೆಯನ್ನು ಕೇಳುವದು ಅಧಿಕಪ್ರಸಂಗವಲ್ಲ; ಅದು ತಾಯಿಯ ಹಕ್ಕು.

6. ಮನೆಯವರ ಮತ್ತು ಹಿರಿಯರ ಕರ್ತವ್ಯ

ಗಂಡನೂ ಅತ್ತೆಯೂ ಜೊತೆಯಲ್ಲಿ ಕೂತು ಕೇಳುವದು ಒಳ್ಳೇದು; ಯಾಕಂದರೆ ಆಸ್ಪತ್ರೆಗೆ ಹೋಗಿ ಬರುವ ದಿವಸ ಕೂಸನ್ನು ಹಿಡಿಯುವವರು ಬೇಕು, ಬಸ್ಸಿನ ಹಣ ಬೇಕು, ಹೊಲದ ಕೆಲಸ ನಿಲ್ಲುವದು. ಆದರೆ ಗಂಡನ ಒಪ್ಪಿಗೆಯು ಹೆಂಡತಿಯ ಒಪ್ಪಿಗೆಯ ಸ್ಥಳದಲ್ಲಿ ನಿಲ್ಲಲಾರದು. ಊರ ಗೌಡನದೂ ಸಭೆಯ ಉಪದೇಶಿಯದೂ ನಿಲ್ಲಲಾರದು. ನಮ್ಮ ಜನರು ಉಪದೇಶಿಯ ಮಾತಿಗೆ ಬೇಗನೆ ತಲೆಬಾಗುತ್ತಾರೆ. ಆದಕಾರಣ ಉಪದೇಶಿಗಳೇ, ಹಿರಿಯರೇ, ಸೇರೆಂದೂ ಸೇರಬೇಡವೆಂದೂ ನೀವು ಅಪ್ಪಣೆ ಕೊಡಬೇಡಿರಿ. ಅವಳ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತೋ ಎಂದು ಮಾತ್ರ ವಿಚಾರಿಸಿರಿ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಫ್ಲುಒಕ್ಸೆಟೀನ್ ಎಂಬ ಗುಳಿಗೆಯ ಪ್ರಯೋಗವೊಂದು ನಡೆದು 1997ರಲ್ಲಿ ಪ್ರಕಟವಾಯಿತು. ಅದಕ್ಕೆ ಕರೆಯಲ್ಪಟ್ಟ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಲ್ಲೆವೆಂದರು. ಗುಳಿಗೆ ತಿನ್ನಲು ಮನಸ್ಸಿಲ್ಲದ್ದೇ ಮುಖ್ಯ ಕಾರಣ. ಸೇರಿದವರು 87, ಕಡೇ ತನಕ ಉಳಿದವರು 61. ಆದರೂ ಆ ಪ್ರಯೋಗದಿಂದ, ಗುಳಿಗೆಯು ಹುಸಿಗುಳಿಗೆಗಿಂತ ಮೇಲೆಂದೂ, ಆರು ಸಾರಿ ಕೂತು ಮಾತಾಡುವದು ಒಂದೇ ಸಾರಿಗಿಂತ ಮೇಲೆಂದೂ ತಿಳಿದು ಬಂತು. ಒಲ್ಲದವರ ಮೇಲೆ ಬಲವಂತವಿಲ್ಲದೆಯೂ ಜ್ಞಾನವು ಬೆಳೆಯುವದೆಂದು ಇದರಿಂದ ಕಲಿಯಬಹುದು.

ಪ್ರಯೋಗವು ನಿಮ್ಮ ಊರಿಗೆ ಬಾರದೆಯೇ ಇರಬಹುದು. ಅದಕ್ಕೋಸ್ಕರ ಯಾರೂ ಕಾದಿರಬೇಕಾಗಿಲ್ಲ. ಗೊತ್ತಾದ ಚಿಕಿತ್ಸೆಗಳು ಈಗಲೇ ಇವೆ. ಎರಡು ವಾರ ದಾಟಿದ ದುಃಖವನ್ನು ಕಂಡರೆ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ತಿಳಿಸಿರಿ. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಗೆ 14416 ಎಂಬ ಅಂಕೆಯಲ್ಲಿ ಕರೆಮಾಡಿ ಮಾತಾಡಬಹುದು. ಸಾಯುವ ಮಾತನ್ನು ಅಥವಾ ಕೂಸಿಗೆ ಕೇಡು ಮಾಡುವ ಮಾತನ್ನು ತಾಯಿಯು ಆಡಿದರೆ ಗದರಿಸಬೇಡಿರಿ, ಒಬ್ಬಳನ್ನೇ ಬಿಡಬೇಡಿರಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.

ಮತ್ತು ಸ್ಕಾಟ್ಲೆಂಡಿನ ಐವತ್ತು ಮಂದಿಯೂ ರಾವಲ್ಪಿಂಡಿಯ 903 ಮಂದಿಯೂ ತಮ್ಮ ಕಣ್ಣೀರನ್ನು ಲೆಕ್ಕಕ್ಕೆ ಕೊಟ್ಟು ನಮಗೆ ಕಲಿಸಿದ ಪಾಠವನ್ನು ಮರೆಯದಿರೋಣ. ಶಿಕ್ಷಣ ಹೊಂದಿದವಳು ಸಾಧಾರಣ ಹೆಂಗಸಾದರೂ, ವಾರವಾರ ಬಂದು ಬಾಣಂತಿಯ ಬಳಿಯಲ್ಲಿ ಕೂತು ಕೇಳಿದರೆ ಅನೇಕರು ಏಳುತ್ತಾರೆ. ನಾವು ಶಿಕ್ಷಣ ಹೊಂದಿದವರಲ್ಲ. ಆದರೂ ಆ ಕತ್ತಲೆಯ ಕೋಣೆಯ ಬಾಗಿಲನ್ನು ತೆರೆದು ಒಳಗೆ ಹೋಗಿ, ಕೂಸನ್ನು ಮಾತ್ರ ಎತ್ತಿ ಮುದ್ದಾಡಿ ಹಿಂದಿರುಗದೆ, ಹೇಗಿದ್ದೀಯಮ್ಮಾ ಎಂದು ತಾಯಿಯನ್ನು ಕೇಳಿ, ಅವಳು ಹೇಳಿ ಮುಗಿಸುವ ತನಕ ಕೂತಿರಲು ನಮ್ಮಿಂದಾಗುವದು.

ಮನನಕ್ಕೆ ಪ್ರಶ್ನೆಗಳು

1. ಹೆರಿಗೆಯ ನಂತರದ ಸಾಧಾರಣವಾದ ಅಳುವಿಗೂ ಖಿನ್ನತೆಗೂ ಬಾಣಂತಿ ಸನ್ನಿಗೂ ಇರುವ ಭೇದಗಳೇನು?

2. ಗುಣಹೊಂದಿದವರನ್ನು ಮಾತ್ರ ನೋಡಿ ಔಷಧವನ್ನು ಹೊಗಳುವದು ಯಾಕೆ ತಪ್ಪು? ಹುಸಿಗುಳಿಗೆಯ ದೃಷ್ಟಾಂತದಿಂದ ವಿವರಿಸಿರಿ.

3. ಚೀಟಿಯೆತ್ತುವದು ಯಾವಾಗ ನ್ಯಾಯ, ಯಾವಾಗ ಅನ್ಯಾಯ?

4. ರಾವಲ್ಪಿಂಡಿಯ ಕಾರ್ಯಕರ್ತೆಯರು ಮಾಡಿದ ಯಾವ ಕೆಲಸವನ್ನು ನಮ್ಮ ಊರಿನ ಹೆಂಗಸರೂ ಕಲಿತು ಮಾಡಬಹುದು?

5. ಗಂಡನೂ ಹಿರಿಯರೂ ಒಪ್ಪಿ, ತಾಯಿಯು ಸುಮ್ಮನಿದ್ದರೆ ಅದು ಒಪ್ಪಿಗೆಯಾಗುವದೋ? ಯಾಕೆ ಆಗುವದಿಲ್ಲ?

6. ನಿಮ್ಮ ಕೇರಿಯಲ್ಲಿ ಈಗ ಬಾಣಂತಿಯಾಗಿರುವವಳು ಯಾರು? ಕಳೆದ ವಾರದಲ್ಲಿ ಅವಳನ್ನು ಮಾತಾಡಿಸಿದವರು ಯಾರು?